ಮೂರು ಹೊಲಿಗೆ, ಒಂದು ಗಂಟು

ಸೋಡಾ, ಹೊಗೆ, ಕುದ್ದ ಬಟ್ಟೆ, ಅದರ ಅಡಿಯಲ್ಲೆಲ್ಲೋ ಬೇರೆಯವರ ಬೆವರು. ಇದು ನನ್ನ ಅಮ್ಮನ ವಾಸನೆ. ಸಂಜೆ ಕೆಲಸ ಮುಗಿಸಿ ಬಂದು ಅವಳು ನನ್ನ ಕೆನ್ನೆ ಹಿಡಿದರೆ ಬೆರಳ ತುದಿಗಳು ಒಣದ್ರಾಕ್ಷಿಯ ಹಾಗೆ ಸುಕ್ಕಾಗಿರುತ್ತಿದ್ದವು. ಆ ವಾಸನೆ ನನ್ನ ಕೂದಲಲ್ಲಿ ನಿಂತಿತ್ತು, ಪುಸ್ತಕಗಳಲ್ಲಿ ನಿಂತಿತ್ತು. ಕಾಲೇಜಿನ ಮೊದಲ ದಿನ ನನ್ನ ಬೆಂಚಿನ ಮೂವರು ಹುಡುಗಿಯರು ಎದ್ದು ಹಿಂದೆ ಹೋದರು. ಒಬ್ಬಳು ಮಾತ್ರ ಕೂತೇ ಇದ್ದಳು. "ನನಗೆ ನೆಗಡಿ ಕಣೆ, ಯಾವ ವಾಸನೆಯೂ ಗೊತ್ತಾಗಲ್ಲ" ಅಂದಳು. ಅವಳಿಗೆ ನೆಗಡಿ ಇರಲಿಲ್ಲ. ಆ ಸುಳ್ಳನ್ನು ಐವತ್ತು ವರ್ಷದಿಂದ ಜೋಪಾನ ಮಾಡಿಟ್ಟುಕೊಂಡು ಬಂದಿದ್ದೇನೆ. ಒಳ್ಳೆಯತನ ಅಂದರೆ ಅದು ಎಂದೇ ನಂಬಿದ್ದೆ.

ನಂಬಿ ಕೆಟ್ಟೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಒಗೆಯುವವರ ಓಣಿಯಲ್ಲಿ ಹುಟ್ಟಿದವಳು. ಓದಿದೆ, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಮಾಡಿದೆ, ನಿವೃತ್ತಳಾದ ಮೇಲೆ ಇದೇ ಓಣಿಗೆ ಮರಳಿದೆ. ಬೇರೆ ಬೀದಿಗಳಲ್ಲಿ ಬಾಡಿಗೆಗೆ ಮನೆ ಕೇಳಿದರೆ "ನಿಮ್ಮವರು ಯಾವ ಕಡೆಯವರು?" ಅನ್ನುತ್ತಿದ್ದರು. ಓಣಿಯ ಹೆಸರು ಹೇಳಿದ ಕೂಡಲೇ ಮನೆ ಬೇರೆಯವರಿಗೆ ಕೊಟ್ಟಾಗಿಬಿಟ್ಟಿರುತ್ತಿತ್ತು. ಇಡೀ ಊರಿನ ಮೈಗೆ ತಾಗುವ ಬಟ್ಟೆ ನಮ್ಮ ಕೈಯಿಂದ ಹೋಗುತ್ತದೆ. ನಾವು ಮಾತ್ರ ಹಿತ್ತಿಲ ಬಾಗಿಲು ದಾಟಬಾರದು.

ಓಣಿಯ ಕೊನೆಗೆ ಒಗೆಯುವ ಶೆಡ್ಡು. ಹನ್ನೆರಡು ಸಿಮೆಂಟಿನ ತೊಟ್ಟಿ, ಎರಡು ಬಾಯ್ಲರು, ಆಚೆಗೆ ತಂತಿ ಕಟ್ಟಿದ ಬಯಲು. ಯುದ್ಧ ಶುರುವಾದ ವರ್ಷ ಅದನ್ನು ಸೈನ್ಯ ತೆಗೆದುಕೊಂಡಿತು. ಅಂದಿನಿಂದ ಅಲ್ಲಿಗೆ ಒಂದೇ ಬಗೆಯ ಬಟ್ಟೆ ಬರುತ್ತಿತ್ತು. ಹಸಿರು ಅಂಗಿ, ಹಸಿರು ಪ್ಯಾಂಟು. ಮುಂಚೂಣಿಯಿಂದ ಮೂಟೆ ಮೂಟೆಯಾಗಿ ಬರುತ್ತಿದ್ದವು. ಒಗೆದು, ತೂತು ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದರೆ ಹೊಸ ಹುಡುಗರು ತೊಡುತ್ತಿದ್ದರು. ಇವೆಲ್ಲ ಆಸ್ಪತ್ರೆಯಿಂದ ಬಂದವು, ಗಾಯಾಳುಗಳು ಗುಣವಾಗಿ ಹೊಸ ಬಟ್ಟೆ ತೊಟ್ಟಿದ್ದಾರೆ ಎಂದು ಹೇಳಿದ್ದರು. ಬರುವ ಮೊದಲೇ ಎದೆಯ ಮೇಲಿನ ನಂಬರಿನ ಪಟ್ಟಿಯನ್ನು ಯಾರೋ ಕಿತ್ತಿರುತ್ತಿದ್ದರು. ಗುಣವಾದವರ ನಂಬರು ಯಾಕೆ ಕೀಳಬೇಕು ಎಂದು ಯಾರೂ ಕೇಳಲಿಲ್ಲ.

ನಾನೂ ಕೇಳಲಿಲ್ಲ. ನಾನು ಗುಂಡಿಯ ಮೇಜಿನಲ್ಲಿದ್ದೆ. ಯುದ್ಧಕ್ಕೆ ಆಳು ಕಳಿಸದ ಪ್ರತಿ ಮನೆಯೂ ಶೆಡ್ಡಿಗೆ ಎರಡು ಕೈ ಕಳಿಸಬೇಕು ಎಂದು ವಾರ್ಡ್ ಸಮಿತಿ ಆದೇಶ ಮಾಡಿತ್ತು. ನನಗೆ ಮಕ್ಕಳಿಲ್ಲ. ಎಪ್ಪತ್ತು ವರ್ಷದ ನನ್ನ ಕೈಗಳೇ ಹೋದವು. ಆ ಆದೇಶ ಆಫೀಸರುಗಳ ರಸ್ತೆಗೆ ತಲುಪಲೇ ಇಲ್ಲ. ಆ ರಸ್ತೆಯ ಹುಡುಗರಿಗೆಲ್ಲ ಒಂದೇ ತಿಂಗಳಲ್ಲಿ ಎದೆ ದುರ್ಬಲವಾಗಿತ್ತು, ಡಾಕ್ಟರು ಕಾಗದ ಬರೆದುಕೊಟ್ಟಿದ್ದರು. ನಮ್ಮ ಓಣಿಯ ನಲವತ್ತು ಮನೆಗಳಿಂದ ಹದಿನಾಲ್ಕು ಹುಡುಗರು ಹೋದರು. ನಮ್ಮಲ್ಲಿ ಎದೆ ದುರ್ಬಲವಾದವರು ಯಾರೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ.

ಆ ಹದಿನಾಲ್ಕರಲ್ಲಿ ದಾರದಕ್ಕನ ಮಗ ಒಬ್ಬ.

ದಾರದಕ್ಕ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆದರೂ ಓಣಿಗೆಲ್ಲ ಅವಳು ಅಕ್ಕ. ತಲೆಗೆ ಕಟ್ಟಿದ ಬಟ್ಟೆಯಲ್ಲಿ ಸದಾ ಒಂದು ಸೂಜಿ, ಅದಕ್ಕೆ ಸುತ್ತಿದ ಕೆಂಪು ದಾರ. ಗಂಡ ಬಾಯ್ಲರಿನ ಬಿಸಿನೀರು ಬಿದ್ದು ಸತ್ತಿದ್ದ. ಒಬ್ಬನೇ ಮಗ. ಓಣಿಯವರು ಅವನನ್ನು ಕಂಬ ಅನ್ನುತ್ತಿದ್ದರು. ಅಷ್ಟು ಎತ್ತರ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತರೂ ಮುಂದಿನವರಿಗೆ ನೆರಳು ಬೀಳುತ್ತಿತ್ತು.

ಒಗೆಯುವವರ ಒಂದು ಪದ್ಧತಿ ಹೇಳಬೇಕು. ಪ್ರತಿ ಮನೆಗೂ ಒಂದು ಗುರುತು ಇದೆ. ಯಾರ ಬಟ್ಟೆ ಒಗೆದರೂ ಕಾಲರಿನ ಒಳಗೆ, ಕಣ್ಣಿಗೆ ಬೀಳದ ಕಡೆ, ದಾರದಲ್ಲಿ ಆ ಗುರುತು ಹಾಕುತ್ತಾರೆ. ಸಾವಿರ ಬಟ್ಟೆ ಒಂದೇ ಬಯಲಲ್ಲಿ ಒಣಗಿದರೂ ಯಾವುದೂ ಕಳೆದುಹೋಗಬಾರದು. ಗುರುತು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುತ್ತದೆ. ನನ್ನ ಅಮ್ಮನದು ಒಂದು ಕುಣಿಕೆ, ಎರಡು ಚುಕ್ಕೆ. ದಾರದಕ್ಕನದು ಮೂರು ಹೊಲಿಗೆ, ಕೆಳಗೊಂದು ಗಂಟು. ಅ ಆ ಇ ಈ ಕಲಿಯುವ ಮೊದಲೇ ನಾನು ಓಣಿಯ ನಲವತ್ತು ಗುರುತುಗಳನ್ನೂ ಓದುತ್ತಿದ್ದೆ.

ಕಂಬ ಒಂದು ಸಲ ರಜೆಗೆ ಬಂದ. ನಾಲ್ಕು ದಿನ. ಮಲಗಿದರೆ ಕಾಲು ಬಾಗಿಲಿನಾಚೆ ಬರುತ್ತಿತ್ತು. ಹೋಗಿಬರುವವರೆಲ್ಲ ದಾಟಿಕೊಂಡು ಹೋಗುತ್ತಿದ್ದರು. ಸೈನ್ಯ ಕೊಟ್ಟ ಅಂಗಿಯ ತೋಳು ಅವನಿಗೆ ಮೊಣಕೈಯಿಂದ ನಾಲ್ಕು ಬೆರಳು ಕೆಳಗೇ ನಿಲ್ಲುತ್ತಿತ್ತು. ದಾರದಕ್ಕ ಅದನ್ನು ಒಗೆದು, ಹಳೆಯ ಪ್ಯಾಂಟಿನ ಬಟ್ಟೆ ಸೇರಿಸಿ ತೋಳು ಉದ್ದ ಮಾಡಿದಳು. ಕೈ ಸುಮ್ಮನಿರಬೇಕಲ್ಲ, ಕಾಲರಿನ ಒಳಗೆ ಗುರುತನ್ನೂ ಹಾಕಿಬಿಟ್ಟಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತಿದ್ದೆ.

"ಅಮ್ಮಾ, ಇದು ಸರ್ಕಾರದ ಅಂಗಿ. ಇದಕ್ಕೆ ನಂಬರ್ ಇದೆ."

"ನಂಬರ್ ಅವರಿಗೆ. ಗುರುತು ನನಗೆ."

"ಸಾಹೇಬರು ನೋಡಿದರೆ ಬಯ್ತಾರೆ."

"ನಿನ್ನ ಚಡ್ಡಿಗೂ ಹಾಕಿದ್ದೀನಿ. ಅದನ್ನೂ ತೋರಿಸು ನಿನ್ನ ಸಾಹೇಬರಿಗೆ."

ಅವನು ನಗುತ್ತ ನನ್ನ ಕಡೆ ತಿರುಗಿದ. "ಟೀಚರಮ್ಮ, ನೀವಾದರೂ ಹೇಳಿ."

"ನಾನು ಕನ್ನಡದ ಟೀಚರಪ್ಪ. ಚಡ್ಡಿಯ ವಿಷಯ ನನಗೆ ಬರಲ್ಲ" ಅಂದೆ.

ಎಂಟು ತಿಂಗಳ ಮೇಲೆ ಕಾಗದ ಬಂತು. ದಾರದಕ್ಕನಿಗೆ ಓದು ಬರದು. ಓಣಿಯ ಕಾಗದಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಅವಳು ಕೈ ಒರೆಸಿಕೊಂಡು ಎದುರಿಗೆ ನಿಂತಳು. ಕಾಗದದಲ್ಲಿ ಎರಡೇ ಸಾಲು. "ಮೇಲ್ಕಂಡ ಸಿಪಾಯಿಯು ಕರ್ತವ್ಯದಿಂದ ಪರಾರಿಯಾಗಿರುತ್ತಾನೆ. ಮನೆಗೆ ಬಂದಲ್ಲಿ ಕೂಡಲೇ ತಿಳಿಸತಕ್ಕದ್ದು, ತಪ್ಪಿದಲ್ಲಿ ಶಿಕ್ಷಾರ್ಹ."

ನಾನು ಓದಿದ್ದು ಹೀಗೆ. "ನಿಮ್ಮ ಮಗ ಕಾಣೆಯಾಗಿದ್ದಾನೆ. ಹುಡುಕುತ್ತಿದ್ದೇವೆ. ಧೈರ್ಯವಾಗಿರಿ."

ಧೈರ್ಯವಾಗಿರಿ ಅನ್ನುವುದನ್ನು ನಾನೇ ಸೇರಿಸಿದ್ದು. ನನಗೆ ನೆಗಡಿ ಅಂದ ಹಾಗೆ.

ವಾರ ಕಳೆಯುವುದರೊಳಗೆ ನಲ್ಲಿಯ ಪಕ್ಕದ ಹಲಗೆಗೆ ಒಂದು ಪಟ್ಟಿ ಅಂಟಿಸಿದರು. ಪರಾರಿಯಾದವರು. ನಮ್ಮ ಓಣಿಯ ಐದು ಹೆಸರು. ಮೂಲೆಮನೆಯವಳು ಸಾಲಿನಲ್ಲಿ ಮೊದಲು ನಿಂತಿದ್ದಳು. ಅವಳ ಮಗ ಹಿಂದಿನ ವರ್ಷ ಸತ್ತಿದ್ದ. ಮುಚ್ಚಿದ ಪೆಟ್ಟಿಗೆಯಲ್ಲಿ ಬಂದಿದ್ದ, ತೆರೆಯಬಾರದು ಅಂದಿದ್ದರು. ಬಾಗಿಲಿಗೆ "ವೀರನ ಮನೆ" ಎಂದು ತಗಡು ಹೊಡೆದಿದ್ದರು, ನಲ್ಲಿಯಲ್ಲಿ ಮೊದಲ ಸರದಿ ಕೊಟ್ಟಿದ್ದರು. ದಾರದಕ್ಕ ಎಂದಿನಂತೆ ಕೊಡ ಇಟ್ಟಳು. ಮೂಲೆಮನೆಯವಳು ಕಾಲಿನಿಂದ ಅದನ್ನು ಪಕ್ಕಕ್ಕೆ ಸರಿಸಿದಳು.

"ಹೇಡಿ ಹೆತ್ತವಳ ಕೊಡ ನನ್ನ ಕೊಡಕ್ಕೆ ತಾಗಬಾರದು."

"ಏನಂದೆ?"

"ಹಲಗೆ ನೋಡು. ಓ, ನಿನಗೆ ಓದು ಬರಲ್ಲ ಅಲ್ವಾ. ಓದಿಸ್ಕೊ ಹೋಗು."

ದಾರದಕ್ಕ ಖಾಲಿ ಕೊಡ ಹಿಡಿದು ನೇರ ನನ್ನ ಮನೆಗೆ ಬಂದಳು. ಕಾಗದ ಮೇಜಿನ ಮೇಲಿಟ್ಟಳು.

"ಟೀಚರಮ್ಮ, ಇದನ್ನ ಇನ್ನೊಂದು ಸಲ ಓದಿ. ಈ ಸಲ ಅಲ್ಲಿರೋದನ್ನ ಓದಿ."

ಓದಿದೆ. ಎರಡು ಸಾಲನ್ನೂ, ಇದ್ದ ಹಾಗೇ. ಅವಳು ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ.

"ಪರಾರಿ ಅಂದ್ರೆ ಓಡಿಹೋದ ಅಂತ ತಾನೇ?"

"ಹೂಂ."

"ಹಾಗಾದ್ರೆ ಬದುಕಿದ್ದಾನೆ."

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅವತ್ತಿನಿಂದ ಅವಳು ಎಲ್ಲವನ್ನೂ ಸಹಿಸಿದಳು. ಬಾಗಿಲಿಗೆ ಡಾಂಬರಿನಲ್ಲಿ "ಹೇಡಿ" ಎಂದು ಬರೆದರು. ಮೊಳ ಮೊಳ ಉದ್ದದ ಅಕ್ಷರ. ಅವಳು ಅದನ್ನು ಅಳಿಸಲಿಲ್ಲ. "ಇರಲಿ ಬಿಡಿ. ಬಾಗಿಲು ಗುರುತು ಸಿಗತ್ತೆ ಅವನಿಗೆ" ಅಂದಳು. ನಲ್ಲಿಯಲ್ಲಿ ಕೊನೆಯ ಸರದಿ, ಅಷ್ಟು ಹೊತ್ತಿಗೆ ನೀರು ನಿಂತಿರುತ್ತಿತ್ತು. ನಾನು ಒಂದು ಬಿಂದಿಗೆ ಕೊಡುತ್ತಿದ್ದೆ. ಅವಳಿದ್ದ ಕೋಣೆ ಶೆಡ್ಡಿಗೆ ಸೇರಿದ್ದು, ತಿಂಗಳೊಳಗೆ ಖಾಲಿ ಮಾಡಬೇಕು ಎಂದು ಸಮಿತಿ ಹೇಳಿತು. ಅವಳ ಕೈಯಂಥ ಕೈ ಬೇರೆ ಇಲ್ಲದ್ದರಿಂದ ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಮೊದಲ ತೊಟ್ಟಿಗೆ ಹಾಕಿದರು.

ಮೊದಲ ತೊಟ್ಟಿ ಅಂದರೆ ತಣ್ಣೀರಿನದು. ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಬಿದ್ದರೆ ಕಲೆ ನೂಲಿಗೆ ಕಚ್ಚಿಕೊಂಡು ಬಿಡುತ್ತದೆ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಅವಳು ಮೊಣಕೈವರೆಗೆ ತಣ್ಣೀರಿನಲ್ಲಿ. ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ. ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳು ಮಡಚಲು ಬರುತ್ತಿರಲಿಲ್ಲ. ಉಗುರಿನ ಬುಡ ಒಡೆದು ಅವಳದೇ ರಕ್ತವೂ ಅದರಲ್ಲಿ ಸೇರುತ್ತಿತ್ತು. ಶೆಡ್ಡಿನ ಮೇಸ್ತ್ರಿ ಕೆಟ್ಟವನಲ್ಲ. ಬಾಯ್ಲರಿನ ಹಿಂದೆ ಒಂದು ಚಿಪ್ಪಿನಲ್ಲಿ ಎಣ್ಣೆ ಇಟ್ಟಿರುತ್ತಿದ್ದ. "ಯಂತ್ರಕ್ಕೆ ಅಂತ ಇಟ್ಟಿದ್ದೀನಿ, ಯಾರೂ ಮುಟ್ಟಬೇಡಿ" ಎಂದು ಜೋರಾಗಿ ಹೇಳಿ, ಆಚೆ ಮುಖ ಮಾಡಿ ನಿಲ್ಲುತ್ತಿದ್ದ. ಅವಳು ಹೋಗಿ ಕೈಗೆ ಹಚ್ಚಿಕೊಂಡು ಬರುತ್ತಿದ್ದಳು.

ರಾತ್ರಿ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ ಅವಳು. "ಬಂದರೆ ಕತ್ತಲಲ್ಲೇ ಬರ್ತಾನೆ, ಬಡಿದರೆ ಸದ್ದಾಗತ್ತೆ" ಅನ್ನುತ್ತಿದ್ದಳು. ಮರ್ಯಾದೆ ಹೋಗಿತ್ತು, ಮಗ ಉಳಿದಿದ್ದ. ಆ ವ್ಯಾಪಾರ ಅವಳಿಗೆ ಒಪ್ಪಿಗೆಯಾಗಿತ್ತು.

ಆಮೇಲೆ ನಾಡಿನ ನಾಯಕರು ಶೆಡ್ಡು ನೋಡಲು ಬರುವ ದಿನ ಬಂತು.

ಒಂದು ವಾರ ಶೆಡ್ಡಿಗೆ ಸುಣ್ಣ ಬಳಿದರು. ಸಮಿತಿಯ ಅಧ್ಯಕ್ಷನನ್ನು ಓಣಿಯವರು ಮೈಕು ಅನ್ನುತ್ತಿದ್ದರು. ಪಕ್ಕದಲ್ಲಿ ಕೂತವರಿಗೂ ಅವನು ಬಯಲಿಗೆ ಕೇಳುವ ಹಾಗೆ ಮಾತಾಡುತ್ತಿದ್ದ. ಅವನು ಬಂದು ವ್ಯವಸ್ಥೆ ಹೇಳಿದ. ನಾಯಕರು ಹನ್ನೊಂದಕ್ಕೆ ಬರುತ್ತಾರೆ. ಫೋಟೋ ತೆಗೆಯುತ್ತಾರೆ. ತೊಟ್ಟಿಗಳ ಹತ್ತಿರ ಆಫೀಸರುಗಳ ರಸ್ತೆಯ ಹೆಂಗಸರು ನಿಲ್ಲುತ್ತಾರೆ. ನಮ್ಮ ಓಣಿಯವರು ಒಂಬತ್ತರೊಳಗೆ ಮೂಟೆ ಮುಗಿಸಿ ಬಾಯ್ಲರಿನ ಹಿಂದೆ ಹೋಗಬೇಕು. ಮೂಲೆಮನೆಯವಳು ಮಾತ್ರ ಮುಂದೆ ನಿಂತು ಹೂ ಕೊಡಬೇಕು, ವೀರನ ತಾಯಿಯಾದ್ದರಿಂದ.

"ಯಾಕೆ, ನಾವು ಫೋಟೋದಲ್ಲಿ ಕಾಣಲ್ವಾ?" ಒಬ್ಬಳು ಕೇಳಿದಳು.

"ಕೈ ನೋಡ್ಕೊ ನಿನ್ನದು" ಅಂದ ಮೈಕು. "ಆ ಕೈ ಫೋಟೋದಲ್ಲಿ ಬಂದರೆ ಜನ ಯುದ್ಧಕ್ಕೆ ಹೆದರ್ತಾರೆ."

ಅವನು ಅದನ್ನು ತಮಾಷೆಗೆ ಹೇಳಿದ. ಕೆಲವರು ನಕ್ಕರು ಕೂಡ.

ಆ ದಿನ ಬೆಳಿಗ್ಗೆ ಮೂರು ಮೂಟೆ ಬಂದಿದ್ದವು. ಬಟ್ಟೆ ಮೊದಲು ನನ್ನ ಮೇಜಿಗೆ ಬರುತ್ತದೆ. ಜೇಬು ಖಾಲಿ ಮಾಡಬೇಕು, ಒಡೆದ ಗುಂಡಿ ಕತ್ತರಿಸಬೇಕು, ಆಮೇಲೆ ಮೊದಲ ತೊಟ್ಟಿಗೆ. ಜೇಬಿನಲ್ಲಿ ಸಿಕ್ಕಿದ್ದನ್ನು ಡಬ್ಬಕ್ಕೆ ಹಾಕಬೇಕು, ನೋಡಬಾರದು. ನಾನು ನೋಡುತ್ತಿದ್ದೆ. ಬಾಚಣಿಗೆ. ಅರ್ಧ ಬಿಸ್ಕತ್ತು. ಯಾರದೋ ಕೈಬರಹದ "ನೀನು ಹೋದ ಮೇಲೆ ಬೆಕ್ಕು" ಎಂಬ ಅರ್ಧ ಸಾಲು.

ಎರಡನೆಯ ಮೂಟೆಯಲ್ಲಿ ಒಂದು ಅಂಗಿ ಬಂತು. ತೋಳು ಬೇರೆಯವಕ್ಕಿಂತ ಉದ್ದ. ಅರ್ಧಕ್ಕೆ ಬಟ್ಟೆ ಸೇರಿಸಿದ ಗೆರೆ. ಮೇಲಿನ ಹಸಿರು ಒಂದು ಬಣ್ಣ, ಕೆಳಗಿನ ಹಸಿರು ಒಂದು ಬಣ್ಣ. ಎದೆಯಲ್ಲಿ ಎರಡು ತೂತು, ಸುತ್ತ ಹಲಗೆಯ ಹಾಗೆ ಗಡುಸಾದ ಕಲೆ. ನಾನು ಕಾಲರಿನ ಒಳಮಗ್ಗುಲು ತಿರುವಿದೆ. ಮೂರು ಹೊಲಿಗೆ. ಒಂದು ಗಂಟು. ಕೆಂಪು ದಾರ.

ನನ್ನ ಕೈಯಲ್ಲಿ ಕತ್ತರಿ ಇತ್ತು.

ಇದನ್ನು ಮುಚ್ಚಿಡದೆ ಬರೆಯಬೇಕು. ಕತ್ತರಿಯ ಬಾಯಿ ತೆರೆದು ನಾನು ಆ ದಾರದ ಹತ್ತಿರ ತಂದೆ. ನಾಲ್ಕು ಕಡೆ ಕತ್ತರಿಸಿ, ಸೇರಿಸಿದ ತೋಳನ್ನು ಬಿಚ್ಚಿ, ಬೇರೆ ತೊಟ್ಟಿಗೆ ಕಳಿಸಿದರೆ ಮುಗಿಯಿತು. ಯಾರಿಗೂ ತಿಳಿಯದು. ಅವಳು ಬಾಗಿಲಿಗೆ ಅಗಳಿ ಹಾಕದೆ ಇನ್ನಿಪ್ಪತ್ತು ವರ್ಷ ಮಲಗುತ್ತಾಳೆ. ಮಗ ಎಲ್ಲೋ ಬದುಕಿರುತ್ತಾನೆ. ಅದು ಕರುಣೆ ಎಂದು ನನ್ನ ಒಳಗಿನ ಒಬ್ಬಳು ಹೇಳುತ್ತಿದ್ದಳು. ಅವಳ ದನಿ ನನಗೆ ಚೆನ್ನಾಗಿ ಗೊತ್ತು. ಬಹಳ ಮೃದು ದನಿ.

ಆಗ ಉಳಿದ ನಾಲ್ಕು ಹೆಸರು ನೆನಪಾದವು. ಪಟ್ಟಿಯಲ್ಲಿದ್ದ ಐವರೂ ಓಡಿಹೋದವರಲ್ಲ ಎಂದು ನನಗೆ ಆ ಕ್ಷಣ ಹೊಳೆಯಿತು. ನಮ್ಮ ಕಡೆ ಸತ್ತವರು ಬೆರಳೆಣಿಕೆ ಎಂದು ನಾಯಕರು ವಾರ ವಾರ ರೇಡಿಯೋದಲ್ಲಿ ಹೇಳುತ್ತಿದ್ದರು. ಬೆರಳು ಸಾಲದೆ ಬಂದಾಗ ಸತ್ತವರನ್ನು ಓಡಿಸಿಬಿಟ್ಟಿದ್ದರು. ಯಾರ ಮಕ್ಕಳು ಓಡಿಹೋದರು ಅಂದರೆ ಊರು ಕೂಡಲೇ ನಂಬುತ್ತದೋ ಅಂಥವರ ಮಕ್ಕಳನ್ನು.

ನಾನು ಕತ್ತರಿ ಕೆಳಗಿಟ್ಟೆ. ಅಂಗಿ ಎತ್ತಿಕೊಂಡು ಮೊದಲ ತೊಟ್ಟಿಗೆ ನಡೆದೆ.

"ಏನ್ ಟೀಚರಮ್ಮ, ಅಲ್ಲಿಂದ ಎಸೀಬಾರದಿತ್ತಾ? ನಡೆದು ಬಂದ್ರಲ್ಲ."

"ದಾರದಕ್ಕ, ಕೈ ಒರೆಸಿಕೊ. ಇದನ್ನ ನೀನೇ ಓದಬೇಕು."

ಅವಳು ನಗುತ್ತ ಕೈ ಒರೆಸಿಕೊಂಡಳು. ಓದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲರ್ ತಿರುವಿ ಹಿಡಿದೆ. ಅವಳು ಮೊದಲು ನೋಡಲಿಲ್ಲ, ಹೆಬ್ಬೆರಳಿನಿಂದ ಮುಟ್ಟಿದಳು. ಒಂದು, ಎರಡು, ಮೂರು. ಗಂಟಿನ ಮೇಲೆ ಹೆಬ್ಬೆರಳು ನಿಂತಿತು. ಆಮೇಲೆ ತೋಳನ್ನು ತನ್ನ ತೋಳಿನ ಪಕ್ಕದಲ್ಲಿಟ್ಟು ಅಳೆದಳು. ಆಮೇಲೆ ತೂತಿನಲ್ಲಿ ಬೆರಳು ಹಾಕಿದಳು.

ಅವಳು ತೊಟ್ಟಿಯ ಅಂಚಿನ ಮೇಲೆ ಕೂತಳು. ಅಂಗಿಯನ್ನು ಮಡಿಲಲ್ಲಿ ಹಾಕಿಕೊಂಡಳು. ನಲ್ಲಿ ಹರಿಯುತ್ತಲೇ ಇತ್ತು. ಯಾರೋ ಬಂದು ನಿಲ್ಲಿಸಿದರು.

"ನೀವು ಇದನ್ನ ಕತ್ತರಿಸಬಹುದಿತ್ತು" ಅಂದಳು.

"ಹೂಂ. ಕತ್ತರಿ ತೆರೆದಿದ್ದೆ."

ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇಸ್ತ್ರಿ ಬಂದ. "ದಾರದಕ್ಕ, ನೆನೆಸು. ಹೊತ್ತಾಗ್ತಿದೆ."

"ಇಲ್ಲ."

"ಮೈ ಸರಿ ಇಲ್ವಾ?"

"ಮೈ ಸರಿ ಇದೆ. ಇದನ್ನ ಒಗೆಯಲ್ಲ."

ಮೇಸ್ತ್ರಿ ನನ್ನ ಮುಖ ನೋಡಿದ, ಕಾಲರ್ ನೋಡಿದ. ಅವನೂ ಓಣಿಯವನೇ, ಅವನಿಗೂ ಓದಲು ಬರುತ್ತದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಅಷ್ಟರಲ್ಲಿ ಮೈಕಿನ ದನಿ ಶೆಡ್ಡು ತುಂಬ ಬಂತು.

"ಯಾಕೆ ಕೆಲಸ ನಿಂತಿದೆ? ಒಂಬತ್ತೂವರೆ ಆಯ್ತು."

"ಇದು ನನ್ನ ಮಗನ ಅಂಗಿ."

"ನಿನ್ನ ಮಗ ಓಡಿಹೋದವನು. ಪಟ್ಟಿಯಲ್ಲಿದೆ."

"ಓಡಿಹೋದವನು ಅಂಗಿ ಬಿಚ್ಚಿ ವಾಪಸ್ ಕಳಿಸಿದ್ನಾ? ಎರಡು ತೂತು ಮಾಡಿ ಕಳಿಸಿದ್ನಾ?"

"ಬೇರೆ ಯಾರೋ ಅವನ ಅಂಗಿ ಹಾಕ್ಕೊಂಡಿರ್ತಾರೆ. ಸೈನ್ಯದಲ್ಲಿ ಹಾಗೆಲ್ಲ ಆಗತ್ತೆ."

"ಸರಿ. ಆ ಯಾರೋ ಯಾರು ಹೇಳಿ. ಅವರಮ್ಮನ ಹತ್ತಿರ ಹೋಗಿ ಇದನ್ನ ಕೊಟ್ಟು ಬರ್ತೀನಿ."

ಮೈಕು ಮೊದಲ ಸಲ ದನಿ ತಗ್ಗಿಸಿದ. ನನ್ನ ಕಡೆ ತಿರುಗಿದ. "ಟೀಚರಮ್ಮ, ನೀವು ಓದಿದವರು. ಇವಳಿಗೆ ತಿಳಿಯಲ್ಲ. ಆ ದಾರ ಕತ್ತರಿಸಿಬಿಡಿ, ಅದು ಸರ್ಕಾರದ ಅಂಗಿ ಆಗತ್ತೆ. ಅವಳ ಕೋಣೆ ಅವಳಿಗೇ ಇರಲಿ, ಪಟ್ಟಿಯಿಂದ ಹೆಸರೂ ತೆಗೆಸ್ತೀನಿ. ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಒಳ್ಳೇದಕ್ಕೇ. ಆ ಮಾತು ನನ್ನ ಬಾಯಿಂದ ಬಂದ ಹಾಗೇ ಇತ್ತು. ಅದಕ್ಕೇ ಅಷ್ಟು ಸಿಟ್ಟು ಬಂತೋ ಏನೋ. ನಾನು ಮೇಜಿಗೆ ಹೋಗಿ ಕತ್ತರಿ ತಂದೆ. ಅವನು ಸಮಾಧಾನದಿಂದ ಉಸಿರು ಬಿಟ್ಟ. ನಾನು ಕತ್ತರಿಯನ್ನು ಕುದಿಯುವ ಸೋಡಾದ ತೊಟ್ಟಿಗೆ ಹಾಕಿದೆ. ಸದ್ದೂ ಆಗಲಿಲ್ಲ.

"ಓದಿದವಳೇ ಹೌದು" ಅಂದೆ. "ಅದರಲ್ಲಿ ಏನಿದೆ ಅಂತ ಓದಿಯಾಯ್ತು. ಇನ್ನು ಕತ್ತರಿಸಲ್ಲ."

ದಾರದಕ್ಕ ಎದ್ದಳು. ಅಂಗಿ ಹಿಡಿದು ಬಯಲಿಗೆ ಹೋದಳು. ನಾಯಕರು ನಡೆದು ಬರುವ ದಾರಿಯ ಪಕ್ಕದ ಮೊದಲ ತಂತಿಯಲ್ಲಿ ಎಲ್ಲಿಂದಲೋ ತರಿಸಿದ ಬಿಳಿ ಹಾಸಿಗೆ ಹೊದಿಕೆಗಳನ್ನು ಚೆಂದಕ್ಕೆ ಹರವಿದ್ದರು. ಒಂದನ್ನು ತೆಗೆದು ಕೆಳಗೆ ಹಾಕಿ ಆ ಜಾಗದಲ್ಲಿ ಮಗನ ಅಂಗಿ ಹಾಕಿದಳು. ಭುಜ ನೇರ ಮಾಡಿದಳು. ತೋಳುಗಳನ್ನು ಎರಡೂ ಕಡೆ ಚಾಚಿ ಕ್ಲಿಪ್ಪು ಹಾಕಿದಳು. ಉದ್ದ ತೋಳು ಗಾಳಿಗೆ ಸ್ವಲ್ಪ ಅಲ್ಲಾಡಿತು.

ಆಮೇಲೆ ಪಟ್ಟಿಯಲ್ಲಿ ಅಣ್ಣನ ಹೆಸರಿದ್ದ ಒಬ್ಬಳು ಮೂಟೆಯಿಂದ ಒಂದು ಅಂಗಿ ಎತ್ತಿಕೊಂಡು ಹೋದಳು. ಅದರಲ್ಲಿ ಯಾವ ಗುರುತೂ ಇರಲಿಲ್ಲ. "ಇದೂ ಯಾರೋ ಹೆತ್ತಿದ್ದೇ" ಎಂದು ಪಕ್ಕದಲ್ಲಿ ಹಾಕಿದಳು. ಮತ್ತೊಬ್ಬಳು ಹೋದಳು. ಮೈಕು ಕೂಗಾಡಿದ. ಮೇಸ್ತ್ರಿ ಬಾಯ್ಲರಿನ ಕಡೆ ತಿರುಗಿ ನಿಂತು, ಅದರಲ್ಲಿ ಏನೋ ಕೆಟ್ಟಿದೆ ಅನ್ನುವ ಹಾಗೆ ನೋಡುತ್ತಿದ್ದ. ನಮ್ಮ ಓಣಿಯ ಹನ್ನೊಂದು ಹೆಂಗಸರು ಉಳಿದ ಎರಡು ಮೂಟೆಯನ್ನೂ ಒಗೆಯದೆ ಒಣಗಿಸಿದರು. ಮೂಲೆಮನೆಯವಳು ಮಾತ್ರ ಹೂ ಹಿಡಿದು ಗೇಟಿನಲ್ಲಿ ನಿಂತಿದ್ದಳು. ತಿರುಗಿ ತಿರುಗಿ ತಂತಿಯ ಕಡೆ ನೋಡುತ್ತಿದ್ದಳು.

ಆಫೀಸರುಗಳ ರಸ್ತೆಯ ಹೆಂಗಸರು ಆಗಲೇ ಬಂದು, ಹೊಸ ಏಪ್ರನ್ ಕಟ್ಟಿಕೊಂಡು ತೊಟ್ಟಿಗಳ ಹತ್ತಿರ ನಿಂತಿದ್ದರು. ಎಲ್ಲರ ಕೈಯೂ ಒಣಗಿತ್ತು. ಒಬ್ಬ ಚಿಕ್ಕ ವಯಸ್ಸಿನವಳು ಮೊದಲ ತೊಟ್ಟಿಯಲ್ಲಿ ಕೈ ಅದ್ದಿದಳು.

"ಇದೇನು ಬಣ್ಣ?"

"ಮಣ್ಣು ಅಮ್ಮ" ಅಂದ ಮೈಕು.

"ರಕ್ತ ಮಗಳೇ" ಅಂದೆ ನಾನು.

ಅವಳು ಕೈ ತೆಗೆದಳು. ಒರೆಸಿಕೊಳ್ಳಲಿಲ್ಲ. ಹಾಗೇ ಹಿಡಿದು ನಿಂತಿದ್ದಳು.

ನಾಯಕರು ಹನ್ನೊಂದಕ್ಕೆ ಸರಿಯಾಗಿ ಬಂದರು. ಫೋಟೋದಲ್ಲಿ ಇರುವುದಕ್ಕಿಂತ ಗಿಡ್ಡ. ಕಣ್ಣಿನ ಕೆಳಗೆ ಪೌಡರು. ತಂತಿಯ ಮುಂದೆ ನಿಂತರು. ನೂರರ ಮೇಲೆ ಅಂಗಿ, ಒಂದೊಂದರಲ್ಲೂ ಕಂದು ಕಲೆ. ಅವರ ಹಿಂದಿದ್ದವರೆಲ್ಲ ನಿಂತುಬಿಟ್ಟರು.

"ಇವು ಇನ್ನೂ ಒಗೆದಿಲ್ಲವೇ?" ಮೆಲ್ಲಗೆ ಕೇಳಿದರು. ಮೇಷ್ಟ್ರು ಹೋಂವರ್ಕ್ ಕೇಳುವ ಹಾಗೆ.

ದಾರದಕ್ಕ ಅಂಗಿಯ ಪಕ್ಕದಲ್ಲಿದ್ದಳು. "ಒಗೆದರೆ ಹೋಗತ್ತೆ ಸಾರ್. ಅದಕ್ಕೇ ಒಗೆದಿಲ್ಲ."

ನಾಯಕರು ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಆಮೇಲೆ ಫೋಟೋದವನ ಕಡೆ ತಿರುಗಿ ಅದೇ ಮೆಲುದನಿಯಲ್ಲಿ, "ಆ ಕಡೆಯಿಂದ ತೆಗೀರಿ. ಬೆಳಕು ಚೆನ್ನಾಗಿದೆ" ಅಂದರು.

ಅಷ್ಟೇ. ಮೂವತ್ತು ಲಕ್ಷ ಜನರ ತಲೆಯ ಮೇಲಿರುವ ಮನುಷ್ಯನಿಂದ ನಾನು ಕೇಳಿದ್ದು ಆ ಎರಡು ಮಾತು. ಅವರು ಕೂಗಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಕಾರು ಹೋದ ಮೇಲೆ ಪೊಲೀಸರು ಬಂದರು. ದಾರದಕ್ಕನನ್ನು ಎಳೆಯುವಾಗ ಅವಳ ತಲೆಬಟ್ಟೆ ಬಿಚ್ಚಿ ಬಿತ್ತು, ಸೂಜಿದಾರದ ಸಮೇತ. ಆ ಚಿಕ್ಕ ವಯಸ್ಸಿನವಳು ಅದನ್ನು ಎತ್ತಿ, ಕೊಡವಿ, ಅವಳ ಕೈಗೆ ಕೊಟ್ಟಳು. ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಅದನ್ನೂ ಬರೆದಿಡುತ್ತಿದ್ದೇನೆ. ನನ್ನನ್ನು ಯಾರೂ ಎಳೆಯಲಿಲ್ಲ. ನಾನೇ ಹತ್ತಿ ಜೀಪಿನಲ್ಲಿ ಕೂತೆ.

ಠಾಣೆಯ ಇನ್ಸ್‌ಪೆಕ್ಟರು ನನ್ನ ಹಳೆಯ ವಿದ್ಯಾರ್ಥಿ. ಕುರ್ಚಿ ಕೊಟ್ಟ. ಒಂದು ಫಾರಂ ತುಂಬಬೇಕಿತ್ತು. ಹೆಸರು, ವಯಸ್ಸು, ಕಸುಬು. ಕೆಳಗೆ ಎರಡು ಕಲಂ. ಯುದ್ಧದ ಬಗ್ಗೆ ವೈಯಕ್ತಿಕ ಅಭಿಪ್ರಾಯ. ನಾಯಕತ್ವದ ಬಗ್ಗೆ ವೈಯಕ್ತಿಕ ಅಭಿಪ್ರಾಯ. ಅವನು ನನ್ನ ಹೇಳಿಕೆಯ ತಲೆಬರಹ ಬರೆಯುವಾಗ ನಾನು ನೋಡುತ್ತಿದ್ದೆ.

"ಅಭಿಪ್ರಾಯಕ್ಕೆ ಮಹಾಪ್ರಾಣ ಕಣಪ್ಪ. ಭ."

"ಸಾರಿ ಟೀಚರ್." ತಿದ್ದಿದ. "ಏನು ಬರೀಲಿ? 'ಏನೂ ಇಲ್ಲ' ಅಂತ ಬರೆದರೆ ಸಂಜೆಗೇ ಬಿಡಬಹುದು. ಇಬ್ಬರಿಗೂ ಹಾಗೇ ಬರೆದುಬಿಡ್ಲಾ?"

ಅವನಿಗೂ ಕರುಣೆಯಿತ್ತು. ಇಡೀ ಊರಿನಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಎಣ್ಣೆಯ ಚಿಪ್ಪು, ಕುರ್ಚಿ, ನನ್ನ ಒಂದು ಬಿಂದಿಗೆ ನೀರು. ಇವೆಲ್ಲದರ ನಡುವೆಯೇ ಹುಡುಗರು ಸತ್ತರು, ಸತ್ತ ಮೇಲೆ ಓಡಿಹೋದರು.

"ಅವಳನ್ನ ಕೇಳು" ಅಂದೆ.

ಅವನು ದಾರದಕ್ಕನನ್ನು ಕೇಳಿದ. ಯುದ್ಧದ ಬಗ್ಗೆ ನಿಮ್ಮ ಅಭಿಪ್ರಾಯ?

"ತಣ್ಣೀರಲ್ಲಿ ನೆನೆಸಬೇಕು" ಅಂದಳು. "ಬಿಸಿ ಮಾಡಿದರೆ ಯಾವತ್ತೂ ಹೋಗಲ್ಲ."

"ನಾಯಕರ ಬಗ್ಗೆ?"

ಅವಳು ಯೋಚಿಸಿದಳು. "ಅವರ ಅಂಗಿ ಯಾರು ಒಗೀತಾರೆ?"

"ಅದೆಲ್ಲ ಗೊತ್ತಿಲ್ಲಮ್ಮ."

"ಕಲೆ ಇದೆಯಾ ಅಂತ ಅವರನ್ನ ಕೇಳಿ. ನನಗಿಂತ ಅವರಿಗೆ ಗೊತ್ತಿರತ್ತೆ."

ಅವನು ಪೆನ್ನು ಹಿಡಿದು ಕೂತಿದ್ದ. ನಾನು ಫಾರಂ ತೆಗೆದುಕೊಂಡು ಅವಳು ಹೇಳಿದ್ದನ್ನು ಒಂದು ಅಕ್ಷರ ಬದಲಿಸದೆ ಬರೆದೆ. ಕೆಳಗೆ ನನ್ನದನ್ನೂ ಬರೆದೆ. "ಮೇಲಿನದೇ." ಸಹಿ ಹಾಕುವ ಕಡೆ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ನನ್ನಿಂದ ಪೆನ್ನು ತೆಗೆದುಕೊಂಡು ಮೂರು ಗೆರೆ ಎಳೆದಳು, ಕೆಳಗೊಂದು ಚುಕ್ಕೆ ಇಟ್ಟಳು.

ನಮ್ಮನ್ನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಕಾನ್‌ಸ್ಟೇಬಲ್ ಸುದ್ದಿ ಹೇಳಿದಳು. ಶೆಡ್ಡಿಗೆ ಬೀಗ. ತಂತಿಯ ಮೇಲಿದ್ದುದನ್ನೆಲ್ಲ ಸುಟ್ಟರು. ದಾರದಕ್ಕನ ಕೋಣೆಯ ಸಾಮಾನು ಓಣಿಯಲ್ಲಿ ಬಿದ್ದಿದೆ. ಪಟ್ಟಿ ಹಲಗೆಯ ಮೇಲೆ ಹಾಗೇ ಇದೆ.

"ಸುಟ್ಟರಾ" ಎಂದಳು ದಾರದಕ್ಕ. ನೆಲದ ಮೇಲೆ ಗೋಡೆಗೆ ಒರಗಿ ಕೂತು ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಿದ್ದಳು. ಅಲ್ಲಿ ಗಂಟು ಇದ್ದ ಹಾಗೆ.

ಮಧ್ಯಾಹ್ನ ಹೊರಗೆ ಮಾತು ಕೇಳಿತು. "ಐದು ನಿಮಿಷ ಅಷ್ಟೇ" ಎಂದು ಕಾನ್‌ಸ್ಟೇಬಲ್ ಅಂದಳು. ಕಂಬಿಯ ಆಚೆ ಮೂಲೆಮನೆಯವಳು ಬಂದು ನಿಂತಳು. ಕೈಯಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ. ಅವಳು ನನ್ನನ್ನು ನೋಡಲಿಲ್ಲ.

ದಾರದಕ್ಕ ತಲೆ ಎತ್ತಿದಳು. ಏನೋ ಕೇಳಬೇಕು ಎಂದು ಬಂದಿದ್ದಳು ಮೂಲೆಮನೆಯವಳು. ಮುಚ್ಚಿದ ಪೆಟ್ಟಿಗೆಯ ವಿಷಯ ಇರಬೇಕು. ಕೇಳುವ ಬದಲು ಡಬ್ಬಿ ಮುಂದೆ ಚಾಚಿದಳು.

ಡಬ್ಬಿ ಕಂಬಿಯ ನಡುವೆ ತೂರಲಿಲ್ಲ. ಅವಳು ಬಟ್ಟೆ ಬಿಚ್ಚಿ, ಒಂದೊಂದೇ ಬಟ್ಟಲನ್ನು ಬಿಡಿಸಿ ಒಳಗೆ ಚಾಚಿದಳು. ಆಗ ಅವಳ ಕೈ ನೋಡಿದೆ. ಉಗುರಿನ ಸಂದಿಗಳೆಲ್ಲ ಕಪ್ಪು. ಬೆರಳಿನ ಚರ್ಮ ಕೆಂಪಾಗಿ ಸುಲಿದಿತ್ತು. ಬಿಸಿ ಊಟದ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬಂತು. ಸೀಮೆಎಣ್ಣೆ. ಡಾಂಬರು ಬಿಡಿಸಲು ಬೇರೆ ಯಾವುದರಿಂದಲೂ ಆಗುವುದಿಲ್ಲ. ದಾರದಕ್ಕನ ಬಾಗಿಲ ಮೇಲಿನ ಮೊಳ ಮೊಳ ಉದ್ದದ ಅಕ್ಷರಗಳು. ಬೆಳಗಿನಿಂದ ಉಜ್ಜಿರಬೇಕು.

ದಾರದಕ್ಕ ಎದ್ದು ಬಂದು ಬಟ್ಟಲು ತೆಗೆದುಕೊಂಡಳು.